ಹತ್ತೊಂಬತ್ತು ವರ್ಷದ ಕಪ್ಪು ಬಣ್ಣ

ಕೊಳ್ಳುವುದೇನು ಮಹಾ ಕೆಲಸ, ಕೈಯಲ್ಲಿ ಕಾಸಿದ್ದರೆ ಕೋತಿಯೂ ಕೊಳ್ಳುತ್ತದೆ ಎನ್ನುವವರು ಒಂದು ದಿನ ಖರೀದಿ ವಿಭಾಗದ ಇನ್ನೂಸ್ವಲ್ಪನ ಕುರ್ಚಿಯಲ್ಲಿ ಕೂತು ನೋಡಬೇಕು. ಒಂಬತ್ತು ಗಂಟೆಗೆ ಕೂತವರು ಹತ್ತು ಗಂಟೆಗೆ ಎದ್ದು ಓಡದಿದ್ದರೆ ಆಮೇಲೆ ಮಾತಾಡಲಿ.

ಅದು ಆಸ್ಪತ್ರೆಯ ಮಂಚ ಮಾಡುವ ಕಾರ್ಖಾನೆ. ಒಂದು ಮಂಚಕ್ಕೆ ನೂರಾ ಎಂಬತ್ತು ಬಿಡಿಭಾಗ. ಕಾರ್ಖಾನೆಯೊಳಗೆ ತಯಾರಾಗುವುದು ಅವುಗಳಲ್ಲಿ ಮೂವತ್ತು. ಉಳಿದದ್ದೆಲ್ಲ ಹೊರಗಿನಿಂದ ಬರಬೇಕು. ಚಕ್ರ ಒಬ್ಬನಿಂದ, ಸ್ಪ್ರಿಂಗ್ ಇನ್ನೊಬ್ಬನಿಂದ, ಹಿಡಿಕೆ ಮತ್ತೊಬ್ಬನಿಂದ. ಒಂದು ಬೋಲ್ಟು ತಡವಾದರೂ ಮಂಚ ಮೂರು ಕಾಲಿನ ಮೇಲೆ ನಿಲ್ಲುತ್ತದೆ, ಬೈಗುಳ ನೇರವಾಗಿ ಖರೀದಿ ವಿಭಾಗಕ್ಕೆ ಬರುತ್ತದೆ. ಎಲ್ಲವೂ ಹೊತ್ತಿಗೆ ಸರಿಯಾಗಿ ಬಂದ ದಿನ ಮಾತ್ರ ಖರೀದಿ ವಿಭಾಗ ಅಂತ ಒಂದಿದೆ ಎನ್ನುವುದು ಯಾರಿಗೂ ನೆನಪಿರುವುದಿಲ್ಲ. ಇದಕ್ಕೆ ಸಿಟ್ಟು ಬರಬೇಡವೇ?

ಇನ್ನೂಸ್ವಲ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಯಾರು ಎಷ್ಟೇ ಬೆಲೆ ಹೇಳಲಿ, ಗಲ್ಲ ಕೆರೆದುಕೊಂಡು "ಇನ್ನೂ ಸ್ವಲ್ಪ" ಎನ್ನುತ್ತಿದ್ದ. ಇಳಿಸಿದರೂ ಇನ್ನೂ ಸ್ವಲ್ಪ, ಮತ್ತೆ ಇಳಿಸಿದರೂ ಇನ್ನೂ ಸ್ವಲ್ಪ. ಮಾಲು ತರುವವರು ಗೇಟಿನ ಬೆಂಚಿನ ಮೇಲೆ ಕೂತು ಕೂತು ಬೇಸತ್ತು ಇಟ್ಟ ಹೆಸರು ಅದು. ಅವನ ಕಿವಿಗೂ ಬಿದ್ದಿತ್ತು. ಬೇಜಾರಾಗುವುದು ಹೋಗಲಿ, ಒಳಗೊಳಗೇ ಮೀಸೆ ತಿರುವಿಕೊಂಡಿದ್ದ.

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಮೊದಲು ಅದೇ ಕಾರ್ಖಾನೆಯ ಉಗ್ರಾಣದಲ್ಲಿ ತೂಕ ಹಾಕುವ ಕೆಲಸ. ನಟ್ಟಿನ ಚೀಲ ಎತ್ತಿ ಒಮ್ಮೆ ಕುಲುಕಿದರೆ ಸಾಕು, "ಇದ್ರಲ್ಲಿ ಹತ್ತಿಪ್ಪತ್ತು ಕಡಿಮೆ ಇದೆ" ಎನ್ನುತ್ತಿದ್ದ. ಸುರಿದು ಎಣಿಸಿದರೆ ಹಾಗೇ ಇರುತ್ತಿತ್ತು. ಆಗ ಖರೀದಿ ನೋಡುತ್ತಿದ್ದವರು ಎಲ್ಲರೂ ದೊಡ್ಡಪ್ಪ ಎಂದು ಕರೆಯುತ್ತಿದ್ದ ಒಬ್ಬ ಕಟ್ಟುನಿಟ್ಟಿನ ಮುದುಕರು. ಈ ಕಿವಿ ತಮಗೆ ಬೇಕು ಎಂದು ಅವನನ್ನು ಎಳೆದುಕೊಂಡು ಹೋಗಿ ತಮ್ಮ ಪಕ್ಕ ಕೂರಿಸಿಕೊಂಡರು. ಮೊದಲ ದಿನವೇ ಪಾಠ ಹೇಳಿದರು.

"ಮಾರೋನನ್ನ ಗೇಟಿನ ಬೆಂಚಿನ ಮೇಲೆ ಕೂರ್ಸು, ಒಳಗೆ ಬಿಡಬೇಡ. ಅವನ ಹೊಸಿಲು ನೀನು ತುಳೀಬೇಡ. ಅವನ ಟೀ ಕುಡಿದ್ರೆ ನಿನ್ನ ನಾಲಿಗೆ ಮೆತ್ತಗಾಗುತ್ತೆ. ಏನಿದ್ರೂ ಚೀಟಿಯಲ್ಲಿ ಬರಿ, ಸಹಿ ಹಾಕು, ಕಳಿಸು."

ದೊಡ್ಡಪ್ಪ ಹೋದರು, ಪಾಠ ಉಳಿಯಿತು. ಇಪ್ಪತ್ತೆರಡು ವರ್ಷ ಇನ್ನೂಸ್ವಲ್ಪ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಸ್ಪ್ರಿಂಗಿನವನು ಹೊಸ ವರ್ಷಕ್ಕೆಂದು ಒಂದು ಗೋಡೆ ಕ್ಯಾಲೆಂಡರ್ ಕಳಿಸಿದರೆ ಅದನ್ನೂ ವಾಪಸು ಕಳಿಸಿದ್ದ. ಆ ವರ್ಷ ಅವನ ಹೆಂಡತಿ ಪಕ್ಕದ ಮನೆಗೆ ಹೋಗಿ ತಾರೀಕು ನೋಡಿಕೊಂಡು ಬರಬೇಕಾಯಿತು. ಕೈ ಶುದ್ಧ, ಬಾಯಿ ಬಿಸಿ. ಅಂಥ ಮನುಷ್ಯನ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಯಾರು ಎಣಿಸಿದ್ದರು?

ಕುತ್ತು ಬಂದದ್ದು ಒಳ್ಳೆಯ ಸುದ್ದಿಯ ಬೆನ್ನಿಗೆ. ಹೊಸದಾಗಿ ಕಟ್ಟಿದ ಒಂದು ದೊಡ್ಡ ಆಸ್ಪತ್ರೆಯವರು ಆರುನೂರು ಮಂಚ ಕೇಳಿದರು, ಆರು ವಾರದೊಳಗೆ. ಕಾರ್ಖಾನೆ ಅಷ್ಟು ದೊಡ್ಡ ಆರ್ಡರು ಕಂಡಿದ್ದೇ ಇಲ್ಲ. ಆರು ತಿಂಗಳ ಹಿಂದಷ್ಟೇ ಕಾರ್ಖಾನೆಯ ಮುಖ್ಯಸ್ಥರಾಗಿ ಬಂದಿದ್ದ ಹೊಸ ಮೇಡಂ ಎಲ್ಲ ವಿಭಾಗದವರನ್ನೂ ಮೇಜಿನ ಸುತ್ತ ಕೂರಿಸಿ ಒಂದೊಂದೇ ಬಿಡಿಭಾಗದ ಲೆಕ್ಕ ಕೇಳಿದರು. ಎಲ್ಲ ಸರಿಹೋಯಿತು, ತಿರುಪಿನ ರಾಡ್ ಒಂದನ್ನು ಬಿಟ್ಟು.

ಈ ರಾಡ್ ಏನೆಂದು ಹೇಳಿಬಿಡಬೇಕು. ಮಂಚದ ಕಾಲ್ದೆಸೆಯಲ್ಲಿರುವ ಹಿಡಿಕೆ ತಿರುಗಿಸಿದರೆ ರೋಗಿಯ ಬೆನ್ನು ಮೇಲೇಳುತ್ತದಲ್ಲ, ಅದನ್ನು ಎತ್ತುವುದೇ ಈ ರಾಡ್. ಎರಡು ಮೊಳ ಉದ್ದದ ಕಬ್ಬಿಣದ ಸರಳು, ಮೈತುಂಬ ತಿರುಪಿನ ಸುತ್ತು. ಅದರ ಮೇಲೆ ಒಂದು ದಪ್ಪ ನಟ್ಟು ಹಿಂದೆ ಮುಂದೆ ಓಡಾಡುತ್ತದೆ. ಬೆನ್ನಿಗೊಂದು, ಕಾಲಿಗೊಂದು, ಮಂಚಕ್ಕೆ ಎರಡು ರಾಡ್. ಆರುನೂರು ಮಂಚಕ್ಕೆ ಸಾವಿರದ ಇನ್ನೂರು. ಅದನ್ನು ಮಾಡಿಕೊಡುತ್ತಿದ್ದದ್ದು ಒಂದೇ ಒಂದು ಸಣ್ಣ ವರ್ಕ್‌ಶಾಪು. ದಿನಕ್ಕೆ ಬರುತ್ತಿದ್ದದ್ದು ಇಪ್ಪತ್ತೇ ಇಪ್ಪತ್ತು.

"ಇಪ್ಪತ್ತೇ ಯಾಕೆ?" ಎಂದರು ಮೇಡಂ.

"ಅವರ ಕೈಲಾಗೋದು ಅಷ್ಟೇ ಮೇಡಂ."

"ಯಾಕೆ ಅಷ್ಟೇ? ಎಷ್ಟು ಲೇತ್ ಇದೆ ಅವರ ಹತ್ರ?"

ಇನ್ನೂಸ್ವಲ್ಪ ಗಲ್ಲ ಕೆರೆದುಕೊಂಡ. ರಾಡಿನ ಬೆಲೆ ಕೇಳಿದ್ದರೆ ಇಪ್ಪತ್ತೆರಡು ವರ್ಷದ್ದೂ ಬಾಯಲ್ಲೇ ಒಪ್ಪಿಸುತ್ತಿದ್ದ. ಸರಳು ತಿರುಗಿಸಿ ಕಡಿಯುವ ಲೇತ್ ಯಂತ್ರ ಎಷ್ಟಿವೆ ಎಂದು ಯಾರಿಗೆ ಗೊತ್ತು?

"ಒಂದ್ಸಲಾನೂ ಹೋಗಿ ನೋಡಿಲ್ವಾ?"

"ಹೋಗಬಾರದು ಮೇಡಂ. ನಮ್ಮಲ್ಲಿ ಮೊದಲಿಂದ ಹಾಗೇ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ. ಏರಿಸಿದ್ದರೆ ಅವನೂ ಏರಿಸಬಹುದಿತ್ತು. "ನೋಡಿ, ಬೆಲೆ ಇಳಿಸೋದಷ್ಟೇ ಖರೀದಿ ಅನ್ನೋದಾದ್ರೆ, ಅದಕ್ಕೆ ಈಗ ಕಂಪ್ಯೂಟರ್ ಸಾಕು. ಮುಖ್ಯ ಕಚೇರಿಯವರು ಆಗ್ಲೇ ಕೇಳ್ತಿದ್ದಾರೆ, ಆ ನಾಲ್ಕು ಕುರ್ಚಿ ಯಾಕೆ ಬೇಕು ಅಂತ. ಈ ರಾಡ್ ವಿಷಯ ನಿಮ್ಮ ಕೈಲಿ ಬಗೆಹರಿದ್ರೆ ನಿಮ್ಮ ವಿಭಾಗ ಯಾಕೆ ಬೇಕು ಅಂತ ನಾನು ಅವರಿಗೆ ಹೇಳ್ತೀನಿ. ಬಗೆಹರೀದಿದ್ರೆ ನೀವು ನಾಲ್ಕೂ ಜನ ಉಗ್ರಾಣಕ್ಕೆ."

ಉಗ್ರಾಣಕ್ಕೆ. ಮತ್ತೆ ತೂಕ ಹಾಕಲಿಕ್ಕೆ. ಐವತ್ತರ ಹತ್ತಿರ ಬಂದವನಿಗೆ ಮೆಟ್ಟಿಲು ಹತ್ತಿದ ಮೇಲೆ ಮತ್ತೆ ಕೆಳಗಿನ ಮೆಟ್ಟಿಲು ತೋರಿಸಿದರೆ ಹೇಗಾಗಬೇಡ?

ಮನೆಗೆ ಬಂದವನು ಚಪ್ಪಲಿ ಬಿಟ್ಟ ರಭಸಕ್ಕೆ ಒಂದು ಚಪ್ಪಲಿ ಹೊಲಿಗೆ ಮಿಷನ್ನಿನ ಕೆಳಗೆ ಹೋಗಿ ಬಿತ್ತು. ಅವನ ಹೆಂಡತಿ ಮನೆಯಲ್ಲೇ ಕಿಟಕಿ ಪರದೆ ಹೊಲಿದು ಕೊಡುತ್ತಿದ್ದಳು. ಪೆಡಲಿನ ಮೇಲಿಂದ ಕಾಲು ತೆಗೆಯದೆ ಎಲ್ಲ ಕೇಳಿಸಿಕೊಂಡಳು. ಅವನು ಮೇಡಂ ಅವರನ್ನು ಬೈದ, ಕಂಪ್ಯೂಟರನ್ನು ಬೈದ, ಆ ರಾಡನ್ನು ಬೈದ. ಬೈದು ಸುಸ್ತಾದ ಮೇಲೆ ಅವಳು ದಾರ ಕಚ್ಚಿ ತುಂಡು ಮಾಡಿದಳು.

"ರೀ, ಪರದೆ ಒಪ್ಕೊಳ್ಳೋ ಮೊದ್ಲು ನಾನು ಕಿಟಕಿ ನೋಡಿ ಬರ್ತೀನಿ. ನೀವು ಇಪ್ಪತ್ತೆರಡು ವರ್ಷ ಕಿಟಕೀನೇ ನೋಡದೆ ಪರದೆ ತಗೊಂಡಿದೀರಲ್ಲ, ಆಯಮ್ಮ ಕೇಳಿದ್ರಲ್ಲಿ ತಪ್ಪೇನಿದೆ?"

"ದೊಡ್ಡಪ್ಪ ಹೇಳಿದ್ದು ಸುಳ್ಳಾ ಹಾಗಾದ್ರೆ?"

"ಅವರು ಹೇಳಿದ್ದು ಕಳ್ಳರಿಗೆ. ನಿಮ್ಮಂಥೋರಿಗಲ್ಲ. ನಾಳೆ ಹೋಗಿ ಬನ್ನಿ. ಟೀ ಕೊಟ್ರೆ ಕುಡೀರಿ. ನಾಲಿಗೆ ಮೆತ್ತಗಾದ್ರೆ ಮನೇಲಿ ನಮಗೂ ಒಳ್ಳೇದೇ."

ಮರುದಿನ ಹನ್ನೊಂದು ಗಂಟೆಯ ಬಿಸಿಲಲ್ಲಿ ಇನ್ನೂಸ್ವಲ್ಪ ಆ ವರ್ಕ್‌ಶಾಪಿನ ಮುಂದೆ ನಿಂತಿದ್ದ. ತಗಡಿನ ಸೂರು, ಎಣ್ಣೆ ಕುಡಿದು ಕಪ್ಪಾದ ನೆಲ, ಬಾಗಿಲ ಪಕ್ಕ ಸುರುಳಿ ಸುರುಳಿಯಾಗಿ ಕಬ್ಬಿಣದ ಸಿಪ್ಪೆಯ ರಾಶಿ. ಯಜಮಾನಿಯನ್ನು ಎಲ್ಲರೂ ತಿರುಪಿನಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮೈದುನನನ್ನು ಲೇತಿಗೆ ನಿಲ್ಲಿಸಿ, ತಾನೇ ಅಂಗಡಿ ನಡೆಸಿಕೊಂಡು ಬಂದ ಗಟ್ಟಿಗಿತ್ತಿ. ಗೇಟಿನ ಬೆಂಚಿನ ಮೇಲೆ ಅವಳೊಂದಿಗೆ ಎಷ್ಟು ಸಲ ಜಗಳವಾಡಿದ್ದನೋ ಲೆಕ್ಕವಿಲ್ಲ.

ಅವನನ್ನು ಕಂಡು ಅವಳ ಮುಖ ಬಿಳಿಚಿತು. ಆರ್ಡರು ಕಿತ್ತುಕೊಳ್ಳಲಿಕ್ಕೇ ಬಂದಿದ್ದಾನೆ ಎಂದುಕೊಂಡಳು. ಆದರೆ ಮಾತಿನಲ್ಲಿ ಬಿಟ್ಟುಕೊಡಲಿಲ್ಲ. "ಏನ್ ಸಾಹೇಬ್ರೆ, ದಾರಿ ತಪ್ತಾ?"

ಅವನ ಕಣ್ಣು ಒಳಗೆ ನೆಟ್ಟಿತ್ತು. ಎರಡು ಲೇತ್. ಎರಡೂ ನಿಂತಿದ್ದವು. ಮೈದುನ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ಇನ್ನೂಸ್ವಲ್ಪನ ರಕ್ತ ನೆತ್ತಿಗೇರಿತು.

"ಅಲ್ಲಿ ನಮ್ಮ ತಲೆ ಹೋಗ್ತಿದೆ, ಇಲ್ಲಿ ಹಾಡುಹಗಲಲ್ಲಿ ಲೇತ್ ನಿಲ್ಲಿಸ್ಕೊಂಡು ಪೇಪರ್ ಓದ್ತಿದೀರಾ? ನಾಚಿಕೆ ಆಗಲ್ವಾ?"

"ನಾಚಿಕೆ ನಮಗ್ಯಾಕೆ?" ಎಂದಳು ತಿರುಪಿನಮ್ಮ, ಸೆರಗು ಸಿಕ್ಕಿಸಿಕೊಂಡು. "ಬನ್ನಿ ಇಲ್ಲಿ. ಇಡೋಕೆ ಜಾಗ ಎಲ್ಲಿದೆ ತೋರ್ಸಿ. ತೋರ್ಸಿದ್ರೆ ಈಗ್ಲೇ ಲೇತ್ ಹಾಕಿಸ್ತೀನಿ."

ಹಿಂದಿನ ಕೋಣೆಯ ತುಂಬ ಒಂದು ಉದ್ದನೆಯ ಕಬ್ಬಿಣದ ಚೌಕಟ್ಟು. ಅದರ ಕೊಕ್ಕೆಗಳಲ್ಲಿ ಅರವತ್ತು ರಾಡ್ ತೂಗುತ್ತಿದ್ದವು. ಎಲ್ಲಕ್ಕೂ ದಪ್ಪ ಕಪ್ಪು ಬಣ್ಣ. ಕೆಲವು ಇನ್ನೂ ಹಸಿ, ತುದಿಯಿಂದ ಹನಿ ಇಳಿಯುತ್ತಿತ್ತು. ಬಳಿದು ಪೂರ್ತಿ ಒಣಗಲಿಕ್ಕೆ ಮೂರು ದಿನ. ಕೊಕ್ಕೆ ಇರುವುದು ಅರವತ್ತು. ಅರವತ್ತನ್ನು ಮೂರರಿಂದ ಭಾಗಿಸಲು ಏಳನೇ ಕ್ಲಾಸೂ ಬೇಕಾಗಿಲ್ಲ. ಇಪ್ಪತ್ತು. ಆ ಇಪ್ಪತ್ತು ಬಂದದ್ದು ಲೇತಿನಿಂದಲ್ಲ, ಈ ಬಣ್ಣದಿಂದ.

"ಯಾಕೆ ಬಣ್ಣ ಬಳೀತೀರಿ?" ಎಂದ. ದನಿ ತಾನಾಗಿ ಇಳಿದಿತ್ತು.

ತಿರುಪಿನಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಗೋಡೆ ತೋರಿಸಿದಳು. ಅಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಹಳದಿಯಾದ ಒಂದು ಚೀಟಿ, ನಾಲ್ಕು ಮೂಲೆಗೆ ನಾಲ್ಕು ಮೊಳೆ. "ಇನ್ನು ಮುಂದೆ ಎಲ್ಲ ರಾಡ್‌ಗಳಿಗೂ ಕಪ್ಪು ಬಣ್ಣ ಬಳಿದೇ ಕಳಿಸತಕ್ಕದ್ದು." ಕೆಳಗೆ ತಾರೀಕು, ಹತ್ತೊಂಬತ್ತು ವರ್ಷದ ಹಿಂದಿನದು. ಅದರ ಕೆಳಗೆ ಸಹಿ. ಅವನದೇ.

"ಒಂದ್ಸಲ ಬಣ್ಣ ತೆಳ್ಳಗಿದೆ ಅಂತ ನಲವತ್ತು ರಾಡ್ ವಾಪಸು ಕಳ್ಸಿದ್ರಿ," ಎಂದಳು. "ಅವತ್ತಿಂದ ಎರಡು ಕೈ ಬಳೀತೀನಿ. ನೋಡಿ ನನ್ನ ಉಗುರು."

ಇನ್ನೂಸ್ವಲ್ಪ ಸ್ಟೂಲಿನ ಮೇಲೆ ಕೂತ. ಎಲ್ಲ ಕಣ್ಣ ಮುಂದೆ ಬಂತು. ಆ ವರ್ಷ ಉಗ್ರಾಣದ ಸೂರು ಸೋರುತ್ತಿತ್ತು. ಒಂದು ಕಟ್ಟು ರಾಡ್ ನೆನೆದು ತುಕ್ಕು ಹಿಡಿದಿತ್ತು. ದೊಡ್ಡಪ್ಪನ ಮಾತಿನಂತೆ ಅವನು ಚೀಟಿ ಬರೆದ, ಸಹಿ ಹಾಕಿದ, ಕಳಿಸಿದ. ಮುಂದಿನ ವರ್ಷ ಸೂರು ರಿಪೇರಿಯಾಯಿತು. ಚೀಟಿ ಮಾತ್ರ ಹಾಗೇ ನಿಂತಿತು. ಮೈದುನ ಟೀ ತಂದು ಕೈಗಿಟ್ಟರೆ ಏನೆಂದು ನೋಡದೆ ಕುಡಿದ. ಬಿಸಿಗೆ ನಾಲಿಗೆ ಸುಟ್ಟಿತೇ ಹೊರತು ಮೆತ್ತಗಾಗಲಿಲ್ಲ.

"ನಾಳೆಯಿಂದ ಬಣ್ಣ ಬೇಡ," ಎಂದ.

"ಬಾಯಿಮಾತಿಗೆ ನಿಲ್ಲಿಸ್ಬಿಟ್ಟು, ನಾಡಿದ್ದು ನೀವು ವಾಪಸು ಕಳ್ಸಿದ್ರೆ? ಬಣ್ಣ ಬೇಡ ಅಂತ ನಿಮ್ಮಲ್ಲಿ ಮಂಚ ಜೋಡಿಸೋರೇ ನನ್ನ ಮುಖ ನೋಡಿ ಹೇಳ್ಲಿ."

"ಹಾಗಾದ್ರೆ ನಡೀರಿ," ಎಂದು ಅವನು ಎದ್ದೇಬಿಟ್ಟ. "ಈಗ್ಲೇ."

ಮಾಲು ಸಾಗಿಸುವ ಸಣ್ಣ ಗಾಡಿಯಲ್ಲಿ ಒಂದು ಬಣ್ಣ ಬಳಿದ ರಾಡ್ ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಕಾರ್ಖಾನೆಗೆ ಬಂದರು. ಗೇಟಿನವನು ಕೈ ಅಡ್ಡ ಹಿಡಿದ. "ಅಮ್ಮಾವ್ರು ಬೆಂಚಿನ ಮೇಲೆ ಕೂರ್ಲಿ ಸಾರ್. ನಿಮ್ಮದೇ ರೂಲು."

"ರೂಲು ನಂದೇ, ಮುರಿಯೋನೂ ನಾನೇ. ಗೇಟು ತೆಗಿ."

ಜೋಡಣೆಯ ಶೆಡ್ಡು ದೊಡ್ಡದು. ಅದರ ಒಂದು ಮೂಲೆಗೆ ಇನ್ನೂಸ್ವಲ್ಪನೂ ಹೋಗಿದ್ದು ಕಡಿಮೆ. ಖರೀದಿಯವನಿಗೆ ಜೋಡಣೆಯಲ್ಲಿ ಏನು ಕೆಲಸ? ಆ ಮೂಲೆಯಲ್ಲಿ ಒಂದು ತೊಟ್ಟಿ ತುಂಬ ಸೀಮೆಎಣ್ಣೆ. ಅದರ ಮುಂದೆ ಮಣೆ ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬ ಹೆಂಗಸು ತಂತಿ ಬ್ರಷ್ಷಿನಿಂದ ರಾಡ್ ಉಜ್ಜುತ್ತಿದ್ದಳು. ಪಕ್ಕದಲ್ಲಿ ಉಜ್ಜಿದ ರಾಡುಗಳು ಬೆಳ್ಳಗೆ ಮಿಂಚುತ್ತಿದ್ದವು. ಬಣ್ಣ ಕಲೆತು ಕಪ್ಪಾದ ಎಣ್ಣೆ ಚರಂಡಿಗೆ ಹರಿಯುತ್ತಿತ್ತು.

ಇನ್ನೂಸ್ವಲ್ಪನಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ತಿರುಪಿನಮ್ಮನಿಗೆ ಹೊಳೆಯಿತು.

"ಏನಮ್ಮ ಮಾಡ್ತಿದೀಯ?"

"ಕಾಣಲ್ವಾ? ಬಣ್ಣ ಕೆರೀತಿದೀನಿ. ಇದಿದ್ರೆ ನಟ್ಟು ಒಂದು ಸುತ್ತೂ ಹೋಗಲ್ಲ. ಹನ್ನೊಂದು ವರ್ಷದಿಂದ ಇದೇ ಕೆಲಸ ನಂದು. ಯಾವ ಪುಣ್ಯಾತ್ಮ ಬಳಿದು ಕಳಿಸ್ತಾನೋ, ಒಂದು ದಿನ ಸಿಕ್ಕಿದ್ರೆ ಅವನ ಮುಖಕ್ಕೇ ಬಳೀಬೇಕು."

"ಸಿಕ್ಕಿದೀನಿ. ಬಳಿ," ಎಂದಳು ತಿರುಪಿನಮ್ಮ.

ಉಜ್ಜುವವಳು ತಲೆಯೆತ್ತಿದಳು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿಕೊಂಡರು. ಬಳಿದವಳ ಉಗುರೂ ಕಪ್ಪು, ಕೆರೆದವಳ ಉಗುರೂ ಕಪ್ಪು. ಮೊದಲು ನಕ್ಕವರು ಯಾರೋ ತಿಳಿಯದು. ನಗು ಹತ್ತಿದ್ದು ಮಾತ್ರ ಇಡೀ ಶೆಡ್ಡಿಗೆ. ತಿರುಪಿನಮ್ಮ ನೆಲದ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನಮ್ಮ ಬಾಳೇ. ನಾನು ಬಳಿಯೋದು, ನೀನು ಕೆರೆಯೋದು."

ನಗದೇ ಇದ್ದವನು ಇನ್ನೂಸ್ವಲ್ಪ ಒಬ್ಬನೇ. ಅವನ ತಲೆಯೊಳಗೆ ಲೇತ್ ತಿರುಗಲಿಕ್ಕೆ ಶುರುವಾಗಿತ್ತು. ಜೋಡಣೆಯ ಮೇಸ್ತ್ರಿಯನ್ನು ಕೂಗಿದ. ಬಣ್ಣ ಬೇಕಾ? ಯಾಕೆ ಬೇಕು, ಎಣ್ಣೆ ಸವರಿ ಕಾಗದ ಸುತ್ತಿದ್ರೆ ಸಾಕು. ಇಷ್ಟು ದಿನ ಯಾಕೆ ಹೇಳಲಿಲ್ಲ? ಹಾಗೇ ಬರುತ್ತೆ ಅಂದ್ಕೊಂಡಿದ್ವಿ ಸಾರ್, ಖರೀದಿಯವರು ನೋಡಿ ತಾನೆ ತರಿಸೋದು.

ಅಷ್ಟರಲ್ಲಿ ತಿರುಪಿನಮ್ಮ ಎದ್ದು ಜೋಡಣೆ ಮುಗಿದ ಒಂದು ಮಂಚದ ಬಳಿ ಹೋಗಿದ್ದಳು. ಹಿಡಿಕೆ ಹಿಡಿದು ತಿರುಗಿಸಿದಳು. ಬೆನ್ನಿನ ಹಲಗೆ ಮೆಲ್ಲಗೆ ಎದ್ದಿತು. ಇಳಿಸಿದಳು, ಮತ್ತೆ ಎತ್ತಿದಳು.

"ಇದಕ್ಕಾ ಇದು?" ಎಂದಳು. "ಇಷ್ಟು ವರ್ಷ ಮಾಡ್ದೆ, ಇದು ಎಲ್ಲಿ ಹೋಗಿ ಕೂರುತ್ತೆ ಅಂತ ನೋಡೇ ಇರ್ಲಿಲ್ಲ ನೋಡಿ."

ಆಮೇಲೆ ಬಗ್ಗಿ ಮಂಚದ ಅಡಿಗೆ ತಲೆ ಹಾಕಿದಳು. ಒಳಗಿನಿಂದಲೇ ಕೂಗಿದಳು. "ಯಾರಾದ್ರೂ ಹಿಡಿಕೆ ತಿರುಗ್ಸಿ. ಪೂರ್ತಿ ಎತ್ತಿ. ಈಗ ಪೂರ್ತಿ ಇಳಿಸಿ. ಸಾಹೇಬ್ರೆ, ನೀವೂ ಬಗ್ಗಿ."

ಇನ್ನೂಸ್ವಲ್ಪ ಬಗ್ಗಿದ. ನಟ್ಟು ರಾಡಿನ ಒಂದು ತುದಿಯಿಂದ ಹೊರಟು ನಡುವಿನವರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಹೋಗುತ್ತಲೇ ಇರಲಿಲ್ಲ.

"ಅರ್ಧಕ್ಕೇ ನಿಲ್ಲುತ್ತೆ," ಎಂದಳು. "ಹಾಗಿದ್ಮೇಲೆ ಆ ಕಡೆ ಅರ್ಧಕ್ಕೆ ನಾನು ಯಾಕೆ ಈ ತಿರುಪಿನ ಸುತ್ತು, ಥ್ರೆಡ್ ಹಾಕ್ತಿದೀನಿ?"

ಮೇಸ್ತ್ರಿಯೂ ಮಂಡಿಯೂರಿದ. ಮೂವರೂ ಮಂಚದ ಅಡಿಯಲ್ಲಿ ತಲೆಗೆ ತಲೆ ತಾಗಿಸಿಕೊಂಡು ನೋಡಿದರು. "ಡ್ರಾಯಿಂಗ್ ಹಾಗಿದೆ ಅಮ್ಮ," ಎಂದ ಮೇಸ್ತ್ರಿ. ಡ್ರಾಯಿಂಗ್ ಮಾಡಿದವರು ರಾಡ್ ಕಡಿದವರಲ್ಲ. ರಾಡ್ ಕಡಿದವರು ಮಂಚ ನೋಡಿದವರಲ್ಲ. ಕೊಂಡವನು ಎರಡನ್ನೂ ನೋಡಿದವನಲ್ಲ. ಇನ್ನೂಸ್ವಲ್ಪ ರಾಡಿನ ಆ ಕಡೆಯ ಅರ್ಧವನ್ನು ಗೇಣಿನಿಂದ ಅಳೆದ. ಇಪ್ಪತ್ತೆರಡು ವರ್ಷ ಹಲ್ಲು ಕಚ್ಚಿ ಬೆಲೆ ಇಳಿಸಿದಾಗಲೂ ಇಂಥ ಹುರುಪು ಅವನು ಕಂಡಿರಲಿಲ್ಲ.

"ಬಣ್ಣ ಇಲ್ಲ, ಅರ್ಧ ಥ್ರೆಡ್ ಇಲ್ಲ. ದಿನಕ್ಕೆ ಎಷ್ಟು ಕೊಡ್ತೀರಿ?"

ತಿರುಪಿನಮ್ಮ ಬೆರಳು ಮಡಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಐವತ್ತು."

"ಇನ್ನೂ ಸ್ವಲ್ಪ," ಎಂದಿತು ಅವನ ಬಾಯಿ, ಹಳೇ ಚಾಳಿಯಂತೆ.

"ಮಂಚದಡಿಯಿಂದ ಈಚೆ ಬರೋಕೆ ಬಿಡ್ತೀರೋ ಇಲ್ವೋ?" ಎಂದಳು ಅವಳು.

ಡ್ರಾಯಿಂಗಿನವರು ಬಂದು ನೋಡಿ, ಅರ್ಧ ಥ್ರೆಡ್ ಸಾಕು ಎಂದು ಅವತ್ತೇ ಒಪ್ಪಿ ಸಹಿ ಹಾಕಿದರು. ಇನ್ನುಳಿದದ್ದು ಬಣ್ಣದ ಚೀಟಿ. ಲಿಖಿತದಲ್ಲಿ ಕೊಡದೆ ತಾನು ಬಣ್ಣ ನಿಲ್ಲಿಸುವುದಿಲ್ಲ ಎಂದು ತಿರುಪಿನಮ್ಮ ಹಟ ಹಿಡಿದು ಅವನ ಮೇಜಿನ ಮುಂದೆಯೇ ಕೂತಳು. ಹಳೆಯ ಆದೇಶ ರದ್ದು ಮಾಡುವ ಹಾಳೆಯಲ್ಲಿ ಕೊನೆಗೆ ಒಂದು ಕಲಂ ಇರುತ್ತದೆ: ಕಾರಣ. ಅದರ ಒಂದು ಪ್ರತಿ ನೇರವಾಗಿ ಮೇಡಂ ಮೇಜಿಗೆ.

ಪಕ್ಕದ ಮೇಜಿನವನು ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಅವನದೂ ಅದೇ ನಾಲ್ಕು ಕುರ್ಚಿಗಳಲ್ಲೊಂದು. ಕಿವಿಯಲ್ಲಿ ಉಸುರಿದ. "ವಿನ್ಯಾಸ ಬದಲಾವಣೆ ಅಂತ ಬರೀರಿ ಸಾರ್. ಥ್ರೆಡ್ ಬದಲಾಗಿದೆಯಲ್ಲ, ಅದರ ಜೊತೆ ಇದೂ ಹೋಗುತ್ತೆ. ಯಾರಿಗೂ ಗೊತ್ತಾಗಲ್ಲ. ನಿಮ್ಮ ಸಹಿ ಅಂತ ಗೊತ್ತಾದ್ರೆ ಮೊದ್ಲೇ ಕಾಯ್ತಿದಾರೆ, ಎಲ್ಲರನ್ನೂ ಎತ್ತಿಬಿಡ್ತಾರೆ."

ಮಾತು ಸುಳ್ಳಲ್ಲ. ಇನ್ನೂಸ್ವಲ್ಪ ಪೆನ್ನು ಹಿಡಿದು ಕೂತ. ವಿನ್ಯಾಸ ಬದಲಾವಣೆ ಎಂದು ಬರೆದರೆ ಆ ಬಣ್ಣ ನಿನ್ನೆಯವರೆಗೂ ಬೇಕಾಗಿತ್ತು ಎಂದಾಗುತ್ತದೆ. ಹನ್ನೊಂದು ವರ್ಷ ಸೀಮೆಎಣ್ಣೆಯಲ್ಲಿ ಕೈ ಅದ್ದಿದವಳದ್ದು ಬೇಕಾದ ಕೆಲಸವೇ ಎಂದಾಗುತ್ತದೆ. ಅವನ ಸಹಿ ಹೊತ್ತ ಇನ್ನೆಷ್ಟೋ ಚೀಟಿ ಇನ್ನೆಷ್ಟೋ ಗೋಡೆಯ ಮೇಲೆ ಮೊಳೆ ಹೊಡೆಸಿಕೊಂಡು ಕೂತಿರುತ್ತವೆ, ಹುಡುಕುವ ಗೋಜಿಗೂ ಯಾರೂ ಹೋಗುವುದಿಲ್ಲ. ಎದುರಿಗೆ ಕೂತವಳ ಉಗುರು ಮತ್ತೆ ಕಣ್ಣಿಗೆ ಬಿತ್ತು. ಅವನಿಗೆ ಸಿಟ್ಟು ಬಂತು. ಈ ಸಲ ತನ್ನ ಮೇಲೇ. ಒತ್ತಿ ಒತ್ತಿ ಬರೆದ:

"ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಉಗ್ರಾಣದ ಸೂರು ಸೋರಿ ರಾಡ್ ತುಕ್ಕು ಹಿಡಿದಾಗ ಬಣ್ಣ ಬಳಿಯಲು ನಾನೇ ಬರೆದಿದ್ದೆ. ಸೂರು ರಿಪೇರಿಯಾಯಿತು. ಚೀಟಿ ರದ್ದು ಮಾಡಲು ನಾನು ಮರೆತೆ. ತಪ್ಪು ನನ್ನದು."

ಪಕ್ಕದ ಮೇಜಿನವನು ತಲೆ ಮೇಲೆ ಕೈ ಹೊತ್ತುಕೊಂಡ. ತಿರುಪಿನಮ್ಮ ತನ್ನ ಪ್ರತಿಯನ್ನು ಎರಡು ಸಲ ಓದಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇದಕ್ಕೂ ಮೊಳೆ ಹೊಡೀತೀನಿ," ಎಂದು ಹೊರಟಳು.

ಸಂಜೆ ನಾಲ್ಕಕ್ಕೆ ಕರೆ ಬಂತು. ಮೇಡಂ ಮುಂದೆ ಆ ಹಾಳೆ. ಇನ್ನೂಸ್ವಲ್ಪ ಕೂರಲಿಲ್ಲ, ನಿಂತೇ ಇದ್ದ.

"ಇಂಥ ಚೀಟಿ ಇನ್ನೆಷ್ಟು ಬರೆದಿದೀರಿ?"

"ಲೆಕ್ಕ ಇಟ್ಟಿಲ್ಲ ಮೇಡಂ. ನಾನೂರು ಐನೂರು ಇರಬಹುದು."

"ಯಾವುದು ಯಾಕೆ ಬರೆದದ್ದು ಅಂತ ನೆನಪಿದೆಯಾ?"

"ಕಾಗದ ಕಣ್ಣಿಗೆ ಬಿದ್ರೆ ಎಲ್ಲ ನೆನಪಾಗುತ್ತೆ."

ಮೇಡಂ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಮೊದ್ಲು ರಾಡ್ ಬರಲಿ. ತಪ್ಪಿನ ಮಾತು ಆಮೇಲೆ." ಅಷ್ಟೇ. ಉಳಿಸುತ್ತಾರೋ ಕಳಿಸುತ್ತಾರೋ, ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಇನ್ನೂಸ್ವಲ್ಪನ ಕಾಲಿಗೆ ಚಕ್ರ ಬಂದಿತ್ತು. ಬೆಳಿಗ್ಗೆ ವರ್ಕ್‌ಶಾಪು, ಮಧ್ಯಾಹ್ನ ಶೆಡ್ಡು, ಮತ್ತೆ ವರ್ಕ್‌ಶಾಪು. ಬಣ್ಣದ ಚೌಕಟ್ಟು ಕಿತ್ತು ಎಸೆದ ಜಾಗದಲ್ಲಿ ಕಟ್ಟಿದ ರಾಡು ಅಟ್ಟಿಯಾಗಿ ಏರಿತು. ಎರಡೂ ಲೇತ್ ಬೆಳಗಿನಿಂದ ಸಂಜೆಯ ತನಕ ಹಾಡುತ್ತಿದ್ದವು. ಮೈದುನ ಪೇಪರ್ ಮುಖ ನೋಡದೆ ವಾರವಾಯಿತು ಎಂದು ಗೊಣಗಿದ. ಮೊದಲ ದಿನ ಮೂವತ್ತೆಂಟು, ಎರಡನೇ ದಿನ ನಲವತ್ತಾರು, ಮೂರನೇ ದಿನ ಐವತ್ತೊಂದು.

ಮೂರನೇ ದಿನವೇ ಎಡವಟ್ಟು. ಮೂರೂ ದಿನದ ರಾಡನ್ನು ಒಟ್ಟಿಗೆ ಹೊತ್ತು ಹೊರಟ ಗಾಡಿ ಹೋದ ದಾರಿಯಲ್ಲೇ ವಾಪಸು ಬಂತು, ಮಾಲಿನ ಸಮೇತ. ಗೇಟಿನ ಪಕ್ಕದ ತಪಾಸಣೆಯವನು ಪಟ್ಟಿ ನೋಡಿ, ರಾಡ್ ನೋಡಿ, ಕೆಂಪು ಮುದ್ರೆ ಒತ್ತಿದ್ದ: ಬಣ್ಣ ಇಲ್ಲ, ತಿರಸ್ಕೃತ. ಯಾರೋ ಅವನಿಗೆ ಹೇಳುವುದನ್ನೇ ಮರೆತಿದ್ದರು. ಯಾರೋ ಏನು, ಇನ್ನೂಸ್ವಲ್ಪನೇ ಮರೆತಿದ್ದ. ಗಾಡಿಯ ಮುಂದೆ ಕೂತು ಗೇಟಿಗೆ ಬಂದವನು ತಪಾಸಣೆಯವನ ಮೇಲೆ ಹಾರಿಬಿದ್ದ.

"ಕಣ್ಣಿದೆಯಾ ನಿಂಗೆ? ಬೆಳ್ಳಗೆ ಫಳಫಳ ಅಂತಿದೆ, ತುಕ್ಕೆಲ್ಲಿದೆ ತೋರ್ಸು."

ತಪಾಸಣೆಯವನು ಹೆದರಲಿಲ್ಲ. "ತುಕ್ಕಿಲ್ಲ ಸಾರ್. ಆದ್ರೆ ಪಟ್ಟೀಲಿ ಕಪ್ಪು ಅಂತಿದೆ. ನೀವೇ ಬರೆದಿದ್ದು."

ಇನ್ನೂಸ್ವಲ್ಪನ ಏರಿದ ಕೈ ಹಾಗೇ ಇಳಿಯಿತು. ಪೆನ್ನು ಈಸಿಕೊಂಡು, ಪಟ್ಟಿಯಲ್ಲಿ ಕಪ್ಪು ಎಂದಿದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ, "ನೀನು ಮಾಡಿದ್ದೇ ಸರಿ ಮಾರಾಯ" ಎಂದ. ಅವನ ಬಾಯಿಂದ ಅಂಥ ಮಾತು ಬಂದದ್ದು ಕೇಳಿ ಗೇಟಿನವನು ಎದ್ದು ನಿಂತ.

ಇಪ್ಪತ್ತಾರನೇ ದಿನ ಸಾವಿರದ ಇನ್ನೂರನೇ ರಾಡ್ ಬಂತು. ಉಜ್ಜುವವಳು ಈಗ ನಟ್ಟು ಕೂರಿಸುವ ಮೇಜಿಗೆ ಬಂದಿದ್ದಳು. ಅವಳ ಕೈಗೆ ನಟ್ಟು ಬೆಣ್ಣೆಯ ಮೇಲೆ ಬೆರಳು ಜಾರಿದ ಹಾಗೆ ಓಡುತ್ತಿತ್ತು. ಆರು ವಾರ ಮುಗಿಯಲು ನಾಲ್ಕು ದಿನ ಇರುವಾಗಲೇ ಕೊನೆಯ ಲಾರಿ 'ಹೋಯ್' ಎಂದು ಹಾರ್ನ್ ಹೊಡೆದು ಹೊರಟಿತು. ಇಡೀ ಶೆಡ್ಡು ಗೇಟಿಗೆ ಬಂದು ನಿಂತಿತ್ತು. ತಿರುಪಿನಮ್ಮನೂ ಇದ್ದಳು.

ಅವತ್ತೇ ಮೇಡಂ ಕರೆಸಿದರು. ಮೇಜಿನ ಮೇಲೆ ಎರಡು ಕಾಗದ.

"ಇದು ಎಚ್ಚರಿಕೆ ಪತ್ರ. ಹತ್ತೊಂಬತ್ತು ವರ್ಷದ ತಪ್ಪಿಗೆ ಕೊಡದೆ ಇರೋಕಾಗಲ್ಲ. ಓದಿ ಸಹಿ ಹಾಕಿ."

ಹಾಕಿದ.

"ಇದು ಮುಖ್ಯ ಕಚೇರಿಗೆ ನಾನು ಬರೆದದ್ದು. ನಾಲ್ಕು ಕುರ್ಚಿ ಸಾಲದು, ಐದನೇದು ಬೇಕು ಅಂತ ಕೇಳಿದೀನಿ. ಬೆಲೆ ಕೇಳೋ ಕೆಲಸ ಕಂಪ್ಯೂಟರಿಗೇ ಬಿಡಿ. ನೀವು ಹೊರಗೆ, ಮಾಲು ಕೊಡೋರ ಹತ್ರ ಹೋಗಿ. ಮುಂದಿನ ತಿಂಗಳು ಹೊಸ ಮಂಚದ ಡ್ರಾಯಿಂಗ್ ಶುರು. ಗೆರೆ ಎಳೆಯೋ ಮೊದ್ಲೇ ರಾಡಿನವರು, ಚಕ್ರದವರು, ಸ್ಪ್ರಿಂಗಿನವರು ಎಲ್ಲರೂ ಈ ಮೇಜಿನ ಸುತ್ತ ಕೂತಿರಬೇಕು. ಕರೆತರೋದು ನಿಮ್ಮ ಜವಾಬ್ದಾರಿ. ಅಷ್ಟರೊಳಗೆ ಹಳೇ ಚೀಟಿ ಎಷ್ಟು ನೋಡೋಕಾಗುತ್ತೆ?"

"ನಾಳೆಯಿಂದ ಶುರು ಮಾಡ್ತೀನಿ ಮೇಡಂ," ಎಂದ. ಮೆಟ್ಟಿಲಿಳಿಯುವಾಗ ಯೋಚಿಸಿ, ನಾಳೆಯವರೆಗೆ ಯಾಕೆ ಎನಿಸಿತು.

ಉಗ್ರಾಣದ ಕಪಾಟಿನಿಂದ ಚಕ್ರದವನ ಕಡತ ತೆಗೆದ. ಅವನದೇ ಕೈಬರಹದ ಹದಿನೇಳು ಚೀಟಿ. ಕೆಲವನ್ನು ನೋಡಿ ಹಣೆ ಚಚ್ಚಿಕೊಂಡ, ಕೆಲವನ್ನು ನೋಡಿ ನಗು ಬಂತು. ಚಕ್ರಕ್ಕೆ ಎರಡೆರಡು ಪದರ ಗೋಣಿ ಸುತ್ತಿ ಕಳಿಸಬೇಕು ಎಂದು ಯಾವಾಗ ಬರೆದಿದ್ದೆ, ಯಾಕೆ ಬರೆದಿದ್ದೆ? ಕಡತ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಚಕ್ರದವನ ಅಂಗಡಿ ರಬ್ಬರಿನ ವಾಸನೆಯಿಂದ ಗಮ್ಮೆನ್ನುತ್ತಿತ್ತು. ಅಂಗಡಿಯವನು ಅವನನ್ನು ಕಂಡವನೇ ಎರಡೂ ಕೈ ಮುಂದೆ ಚಾಚಿದ. "ಬೆಲೆ ಇಳಿಸೋ ಮಾತಾದ್ರೆ ಇಲ್ಲಿಂದ್ಲೇ ಹೋಗ್ಬಿಡಿ ಸಾಹೇಬ್ರೆ. ಇನ್ನು ಇಳಿಸಿದ್ರೆ ನಾನೇ ಚಕ್ರದ ಕೆಳಗೆ ಮಲಗಬೇಕು."

"ಬೆಲೆ ಅಲ್ಲ," ಎಂದ ಇನ್ನೂಸ್ವಲ್ಪ. ಏದುಸಿರು ಬರುತ್ತಿತ್ತು. "ಒಂದು ವಿಷಯ ಕೇಳೋಕೆ ಬಂದೆ. ನಾನು ಬರೆದು ಕಳಿಸಿದ್ದೀನಿ ಅನ್ನೋ ಒಂದೇ ಕಾರಣಕ್ಕೆ, ಯಾಕೆ ಅಂತ ತಿಳೀದೆ, ಮನಸ್ಸಲ್ಲೇ ಬೈಕೊಂಡು ನೀವು ಮಾಡ್ತಿರೋ ಕೆಲಸ ಏನಾದ್ರೂ ಇದೆಯಾ?"

ಚಕ್ರದವನು ಅವನ ಮುಖವನ್ನೊಮ್ಮೆ ನೋಡಿದ, ಕಂಕುಳಲ್ಲಿದ್ದ ಕಡತವನ್ನೊಮ್ಮೆ ನೋಡಿದ. ಆಮೇಲೆ ಸ್ಟೂಲಿನ ಮೇಲಿದ್ದ ರಬ್ಬರ್ ಚೂರುಗಳನ್ನು ಕೈಯಿಂದ ಗುಡಿಸಿ ಕೆಳಗೆ ಬೀಳಿಸಿ, ಸ್ಟೂಲನ್ನು ಅವನ ಮುಂದಕ್ಕೆ ತಳ್ಳಿದ.

"ಕೂತ್ಕೊಳಿ," ಎಂದ. "ಹೊತ್ತು ಹಿಡಿಯುತ್ತೆ."